ಕ್ಯಾರ್ ದಡ ಮುಟ್ಟಲೇ ಇಲ್ಲ, ಮತ್ತೆ ಸತ್ತದ್ದು ಹೇಗೆ? ನಡುಗಡಲಿನ ಚಂಡಮಾರುತದ ಹುಟ್ಟು, ಬೆಳವಣಿಗೆ, ಕೊನೆ

ಪಡುವಣ:
ನೆಲ ಸಿಕ್ಕ ಮೇಲೆ ಚಂಡಮಾರುತ ಸೊರಗುತ್ತೆ ಅಂತ ಶಾಲೆಪುಸ್ತಕದಿಂದ ಟಿವಿವರೆಗೆ ಎಲ್ಲರೂ ಹೇಳ್ತಾರೆ. 2019ರ ಕ್ಯಾರ್‌ಗೆ ನೆಲ ಸಿಗಲೇ ಇಲ್ಲ. ಅಕ್ಟೋಬರ್ 24ಕ್ಕೆ ಕೊಂಕಣದ ಎದುರು ವಾಯುಭಾರ ಕುಸಿತವಾಗಿ ಶುರುವಾಯ್ತು, 27ಕ್ಕೆ ಸೂಪರ್ ಸೈಕ್ಲೋನ್ ಆಯ್ತು, ನವೆಂಬರ್ ಮೊದಲ ವಾರ ಸೊಕೊಟ್ರಾ, ಸೊಮಾಲಿಯಾ ಕಡೆಯ ಸಮುದ್ರದಲ್ಲೇ ಕರಗಿಹೋಯ್ತು. ಅದನ್ನು ಕೊಂದದ್ದು ಏನು? ಮೂರು ದಿನದಲ್ಲಿ ಅಷ್ಟು ಬೆಳೆದದ್ದು ಹೇಗೆ? ಗೊತ್ತಿದ್ದವರು ಅಂಕಿ ಸಮೇತ ಬರೆಯಿರಿ. "ಸಮುದ್ರ ಬಿಸಿಯಾಗಿತ್ತು" ಅನ್ನೋ ಒಂದು ಸಾಲಿನ ಉತ್ತರ ಬೇಡ.

ಮೋಡಗಣ್ಣು:
ಹುಟ್ಟಿನಿಂದಲೇ ಹೋಗೋಣ, ಯಾಕೆಂದರೆ ಕೊನೆಯ ಕಾರಣಗಳೆಲ್ಲ ಹುಟ್ಟಿನ ಷರತ್ತುಗಳಲ್ಲೇ ಇವೆ.

ಸಮುದ್ರದ ಮೇಲ್ಮೈ 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಆ ಬಿಸಿ ಸುಮಾರು 50 ಮೀಟರ್ ಆಳದವರೆಗೂ ಇರಬೇಕು ಎಂಬ ಎರಡನೇ ಅರ್ಧವನ್ನು ಸುದ್ದಿಯಲ್ಲಿ ಬಿಟ್ಟುಬಿಡುತ್ತಾರೆ. ಆಮೇಲೆ ಕೊರಿಯಾಲಿಸ್ ಬಲ, ಅಂದರೆ ಭೂಮಿ ತಿರುಗುವುದರಿಂದ ಗಾಳಿ ಬದಿಗೆ ಬಾಗುವುದು: ಸಮಭಾಜಕದಿಂದ ಕನಿಷ್ಠ 5 ಡಿಗ್ರಿಯಾದರೂ ದೂರವಿದ್ದರೆ ಮಾತ್ರ ಒಳನುಗ್ಗುವ ಗಾಳಿ ಸುತ್ತು ಹಿಡಿಯುತ್ತದೆ. 2001ರ ಡಿಸೆಂಬರ್‌ನಲ್ಲಿ ಸಿಂಗಪುರದ ಹತ್ತಿರ 1.5 ಡಿಗ್ರಿಯಲ್ಲಿ ಹುಟ್ಟಿದ ವಾಮೇ ಇದಕ್ಕೆ ಅಪರೂಪದ ಅಪವಾದ. ಕೊಂಕಣದ ಎದುರು ಈ ಕೊರತೆಯ ಪ್ರಶ್ನೆಯೇ ಇಲ್ಲ.

ನಮ್ಮ ಅರಬ್ಬಿ ಸಮುದ್ರದಲ್ಲಿ ನಿಜವಾದ ಗೇಟ್‌ಕೀಪರ್ ಗಾಳಿಯ ಕತ್ತರಿ, ಅಂದರೆ ವಿಂಡ್ ಶಿಯರ್. ಸುಮಾರು ಒಂದೂವರೆ ಕಿ.ಮೀ. ಎತ್ತರದ ಗಾಳಿಗೂ 12 ಕಿ.ಮೀ. ಎತ್ತರದ ಗಾಳಿಗೂ ನಡುವಿನ ವ್ಯತ್ಯಾಸ ಸೆಕೆಂಡಿಗೆ 10 ಮೀಟರ್, ಅಂದರೆ 20 ನಾಟ್ ದಾಟಿದರೆ ಮೋಡದ ಗೋಪುರದ ತಲೆ ಒಂದು ಕಡೆ, ಬುಡ ಇನ್ನೊಂದು ಕಡೆ ಆಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕೆಳಗೆ ಮುಂಗಾರಿನ ಪಡುಗಾಳಿ, ಮೇಲೆ ಮೂಡಣದಿಂದ ಬೀಸುವ ಜೆಟ್ ಎಂಬ ವೇಗದ ಗಾಳಿ. ಎರಡೂ ಎದುರುಬದುರು. ಅದಕ್ಕೇ ನಡುಮುಂಗಾರಿನಲ್ಲಿ ಇಲ್ಲಿ ಚಂಡಮಾರುತ ಹುಟ್ಟುವುದಿಲ್ಲ ಎನ್ನಬಹುದು. ಮೇ-ಜೂನ್ ಒಂದು ಕಿಟಕಿ, ಅಕ್ಟೋಬರ್-ನವೆಂಬರ್ ಇನ್ನೊಂದು.

ಕೊನೆಯದಾಗಿ 3ರಿಂದ 6 ಕಿ.ಮೀ. ಎತ್ತರದ ನಡುಪದರದಲ್ಲಿ ತೇವ, ಜೊತೆಗೆ ಮೊದಲೇ ಇರುವ ಒಂದು ಸಣ್ಣ ಸುಳಿ. ಶೂನ್ಯದಿಂದ ಚಂಡಮಾರುತ ಎದ್ದು ಬರುವುದಿಲ್ಲ.

2019ರಲ್ಲಿ ಹಿಂದೂ ಮಹಾಸಾಗರದ ಡೈಪೋಲ್, ಅಂದರೆ ಅದರ ಪಶ್ಚಿಮ ಮತ್ತು ಪೂರ್ವ ಭಾಗಗಳ ಬಿಸಿಯ ವ್ಯತ್ಯಾಸ, ಬಲವಾಗಿ ಧನಾತ್ಮಕವಾಗಿತ್ತು. ಪಶ್ಚಿಮದ ಭಾಗ ವಾಡಿಕೆಗಿಂತ ಬಿಸಿ. ವರ್ಷಕ್ಕೆ ಸರಾಸರಿ ಒಂದು ಚಂಡಮಾರುತ ಕಾಣುವ ಅರಬ್ಬಿ ಸಮುದ್ರ ಆ ವರ್ಷ ಐದು ಕಂಡಿತು: ವಾಯು, ಹಿಕಾ, ಕ್ಯಾರ್, ಮಹಾ, ಪವನ್. ಅದಕ್ಕೆ ಸಮನಾದ ದಾಖಲೆ ಇರುವುದು 1902ರಲ್ಲಿ.

ಅಳಿವೆಬಾಗಿಲು:
ಒಂದು ಸಣ್ಣ ತಡೆ. ಕರಾವಳಿಯಲ್ಲಿ ಎಲ್ಲಕ್ಕೂ "ತೂಫಾನ್" ಅಂತೀವಿ, ಪೇಪರ್‌ನಲ್ಲಿ ಎಲ್ಲಕ್ಕೂ "ವಾಯುಭಾರ ಕುಸಿತ". ಹವಾಮಾನ ಇಲಾಖೆ ಮೆಟ್ಟಿಲು ಲೆಕ್ಕ ಬೇರೆ ಇದೆಯಲ್ಲ?

ಮೋಡಗಣ್ಣು:
ಇದೆ, ಮತ್ತು ಅದು ಗಾಳಿಯ ವೇಗದ ಲೆಕ್ಕ. ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಬರೀ ಕಡಿಮೆ ಒತ್ತಡದ ಪ್ರದೇಶ. 31ರಿಂದ 50 ಡಿಪ್ರೆಶನ್, 51ರಿಂದ 62 ಡೀಪ್ ಡಿಪ್ರೆಶನ್. 63 ಮುಟ್ಟಿದಾಗ ಚಂಡಮಾರುತ ಎನಿಸಿಕೊಂಡು ಹೆಸರು ಸಿಗುತ್ತದೆ. 89ರಿಂದ ತೀವ್ರ, 118ರಿಂದ ಅತಿ ತೀವ್ರ, 167ರಿಂದ ಅತ್ಯಂತ ತೀವ್ರ, 222 ಅಥವಾ ಮೇಲೆ ಹೋದರೆ ಸೂಪರ್ ಸೈಕ್ಲೋನ್. ಕ್ಯಾರ್ 24ಕ್ಕೆ ಮೊದಲ ಮೆಟ್ಟಿಲು, 25ಕ್ಕೆ ಹೆಸರು, 27ಕ್ಕೆ ಕೊನೆಯ ಮೆಟ್ಟಿಲು. ಗರಿಷ್ಠ 240 ಕಿ.ಮೀ., ಕೇಂದ್ರದ ಒತ್ತಡ 922 ಹೆಕ್ಟೊಪಾಸ್ಕಲ್ (ವಾಯುಒತ್ತಡದ ಮಾನ). ಅರಬ್ಬಿಯಲ್ಲಿ ಇದಕ್ಕೂ ಹಿಂದಿನ ಸೂಪರ್ ಸೈಕ್ಲೋನ್ 2007ರ ಜೂನ್‌ನ ಗೋನು.

24 ಗಂಟೆಯಲ್ಲಿ 30 ನಾಟ್, ಅಂದರೆ 55 ಕಿ.ಮೀ. ಏರಿದರೆ ಕ್ಷಿಪ್ರ ತೀವ್ರತೆ ಎನ್ನುತ್ತಾರೆ. ಕ್ಯಾರ್ ಅದನ್ನು ಸಲೀಸಾಗಿ ದಾಟಿತ್ತು. ಒಳಗೆ ನಡೆಯುವುದು ಇದು: ಗಾಳಿ ಜೋರಾದಷ್ಟೂ ಸಮುದ್ರದಿಂದ ಆವಿ ಹೆಚ್ಚು ಏಳುತ್ತದೆ. ಆವಿ ಮೋಡವಾಗುವಾಗ ಕಿಲೋಗೆ ಸುಮಾರು 25 ಲಕ್ಷ ಜೂಲ್ ಶಾಖ ಬಿಡುತ್ತದೆ. ಒಂದೂವರೆ ಕಿಲೋ ಆವಿಯೂ ಬೇಡ, ಮನೆಯ ಮೀಟರ್‌ನ ಒಂದು ಯೂನಿಟ್ ವಿದ್ಯುತ್ತಿನಷ್ಟು ಶಾಖ ಬಂದಾಯಿತು. ಇದರಲ್ಲಿ ಬಹುಪಾಲು ಗಾಳಿಯನ್ನು ಮೇಲೆತ್ತುವುದರಲ್ಲಿ, ಆಕಾಶಕ್ಕೆ ಶಾಖ ಹೊರಹೋಗುವುದರಲ್ಲಿ ಮುಗಿಯುತ್ತದೆ. ಬೀಸುಗಾಳಿಯಾಗುವುದು ತೀರ ಸಣ್ಣ ಪಾಲು. ಆದರೂ ನಡುವಿನ ಕಂಬ ಮೇಲಿನ ಎತ್ತರಗಳಲ್ಲಿ ಸುತ್ತಲಿಗಿಂತ 10 ಡಿಗ್ರಿಗೂ ಹೆಚ್ಚು ಬಿಸಿಯಾಗಬಹುದು. ಬಿಸಿ ಕಂಬ ಹಗುರ, ಹಾಗಾಗಿ ಕೆಳಗೆ ಒತ್ತಡ ಇನ್ನೂ ಇಳಿಯುತ್ತದೆ, ಗಾಳಿ ಇನ್ನೂ ಏರುತ್ತದೆ. ಈ ಚಕ್ರ ಒಮ್ಮೆ ಹಿಡಿದರೆ ದಿನಗಳ ಲೆಕ್ಕದಲ್ಲಲ್ಲ, ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. ಕಣ್ಣು, ಅಂದರೆ ನಡುವಿನ ಮೋಡ ಕಡಿಮೆಯ ಶಾಂತ ಭಾಗ, ತೆರೆಯುವುದು ಸಾಮಾನ್ಯವಾಗಿ 118 ಕಿ.ಮೀ. ಆಸುಪಾಸಿನಲ್ಲಿ.

ಬಲಬದಿ:
240 ಅನ್ನುವ ಅಂಕಿಯ ಬಗ್ಗೆ ಒಂದು ಮಾತು, ಈ ವೇದಿಕೆಯಲ್ಲಿ ಪದೇ ಪದೇ ಜಗಳವಾಗುತ್ತೆ. ಅಮೆರಿಕದ ಜಂಟಿ ಚಂಡಮಾರುತ ಎಚ್ಚರಿಕೆ ಕೇಂದ್ರ ಕ್ಯಾರ್‌ಗೆ 250 ಕೊಟ್ಟಿತ್ತು. ಯಾರದ್ದು ಸರಿ ಅಂತ ಕೇಳಬೇಡಿ. ದಿಲ್ಲಿಯ ಹವಾಮಾನ ಇಲಾಖೆಯದು 3 ನಿಮಿಷದ ಸರಾಸರಿ, ಅವರದು 1 ನಿಮಿಷದ್ದು. ಸರಾಸರಿಯ ಅವಧಿ ಕಡಿಮೆಯಾದಷ್ಟೂ ಅಂಕಿ ದೊಡ್ಡದು.

ಅದಕ್ಕಿಂತ ಮುಖ್ಯ, ಎರಡೂ ಅಳತೆಯಲ್ಲ, ಅಂದಾಜು. ಅಟ್ಲಾಂಟಿಕ್‌ನಲ್ಲಿ ವಿಮಾನ ಕಣ್ಣಿನೊಳಗೆ ಹೊಕ್ಕು ಉಪಕರಣ ಬೀಳಿಸುತ್ತೆ. ನಮ್ಮ ಸಮುದ್ರದಲ್ಲಿ ಆ ವಾಡಿಕೆ ಇಲ್ಲ. ಉಪಗ್ರಹದ ಚಿತ್ರದಲ್ಲಿ ಮೋಡದ ಸುರುಳಿ ಎಷ್ಟು ಸುತ್ತಿದೆ, ಕಣ್ಣು ಎಷ್ಟು ಬಿಸಿ, ಸುತ್ತಲ ಮೋಡದ ನೆತ್ತಿ ಎಷ್ಟು ತಣ್ಣಗಿದೆ ಅಂತ ನೋಡಿ ಡ್ವೋರಾಕ್ ಪದ್ಧತಿಯಲ್ಲಿ ಒಂದು ಟಿ ಸಂಖ್ಯೆ ಕೊಡ್ತಾರೆ. ಟಿ 2.5 ಅಂದರೆ 35 ನಾಟ್, ಟಿ 4 ಅಂದರೆ 65, ಟಿ 5 ಅಂದರೆ 90, ಟಿ 6.5 ಅಂದರೆ 127. ಅರ್ಧ ಅಂಕ ಆಚೀಚೆಯಾದರೆ ಮೇಲಿನ ಮೆಟ್ಟಿಲಲ್ಲಿ 12-13 ನಾಟ್ ವ್ಯತ್ಯಾಸ. ಇನ್ನು ಎತ್ತರದ ಮೋಡದ ಹೊದಿಕೆಯಡಿ ಕೇಂದ್ರ ಎಲ್ಲಿದೆ ಅನ್ನೋದೇ ಎಷ್ಟೋ ಸಲ ಸಾಮಾನ್ಯ ಚಿತ್ರದಲ್ಲಿ ಕಾಣಲ್ಲ. ಮೈಕ್ರೋವೇವ್ ಚಿತ್ರ ಬೇಕು, ಆ ಉಪಗ್ರಹಗಳು ದಿನಕ್ಕೆ ಕೆಲವೇ ಸಲ ಹಾದುಹೋಗ್ತವೆ. ಹಾಗಾಗಿ "240.0" ಅಂತ ಚುಕ್ಕಿ ಹಾಕಿ ಹಂಚುವವರನ್ನು ನಂಬಬೇಡಿ.

ಉಪ್ಪುನೀರು:
ಈವರೆಗಿನ ಮಾತೆಲ್ಲ ಗಾಳಿಯ ಕಡೆಯದು. ಸಾವಿನ ಪ್ರಶ್ನೆಗೆ ನೀರಿನೊಳಗೆ ಇಳಿಯಬೇಕು.

ಬಚ್ಚಲ ಹಂಡೆಯ ನೀರು ನೆನಪಿಸಿಕೊಳ್ಳಿ: ಮೇಲೆ ಸುಡುತ್ತದೆ, ತಳ ಇನ್ನೂ ತಣ್ಣಗಿರುತ್ತದೆ, ಚೊಂಬು ಹಾಕಿ ಕಲಕಿದರೆ ಇಡೀ ಹಂಡೆ ಉಗುರುಬೆಚ್ಚಗಾಗುತ್ತದೆ. ಚಂಡಮಾರುತ ತಾನು ಉಣ್ಣುವ ನೀರನ್ನು ತಾನೇ ಹೀಗೆ ಕಲಕುತ್ತದೆ. ಮೇಲ್ಮೈ ಸಾಮಾನ್ಯವಾಗಿ 1ರಿಂದ 6 ಡಿಗ್ರಿ ತಣಿಯುತ್ತದೆ. ಇದರಲ್ಲಿ ಆವಿಯಾಗಿ ಹೋದ ಶಾಖದ ಪಾಲು ಸಣ್ಣದು, ಕೆಳಗಿನ ತಣ್ಣೀರು ಬೆರೆತದ್ದೇ ದೊಡ್ಡ ಪಾಲು. ಚಂಡಮಾರುತ ನಿಧಾನವಾಗಿ ಸಾಗುತ್ತಿದ್ದರೆ ಇನ್ನೊಂದೂ ಸೇರುತ್ತದೆ: ಸುತ್ತುಗಾಳಿ ಮೇಲ್ನೀರನ್ನು ಹೊರಕ್ಕೆ ತಳ್ಳುವುದರಿಂದ ಕೇಂದ್ರದಡಿ ತಣ್ಣೀರು ಎದ್ದು ಬರುತ್ತದೆ. ಬೇಗ ಸಾಗಿದರೆ ತಾನು ಮಾಡಿದ ತಂಪನ್ನು ಹಿಂದೆ ಬಿಟ್ಟು ಹೋಗುತ್ತದೆ. ನಿಂತರೆ ಅದರ ಮೇಲೆಯೇ ನಿಲ್ಲಬೇಕು. ಉತ್ತರಾರ್ಧಗೋಳದಲ್ಲಿ ಈ ತಣ್ಣನೆ ಪಟ್ಟೆ ಪಥದ ಬಲಕ್ಕೆ ಹೆಚ್ಚು, ಯಾಕೆಂದರೆ ಆ ಕಡೆ ಗಾಳಿ ತಿರುಗುವ ದಿಕ್ಕೂ ನೀರಿನ ಸಹಜ ಸುತ್ತಿನ ದಿಕ್ಕೂ ಒಂದಾಗುತ್ತವೆ.

ಅದಕ್ಕೇ ನಾವು ಮೇಲ್ಮೈ ಉಷ್ಣತೆಯೊಂದನ್ನೇ ನೋಡುವುದಿಲ್ಲ. 26 ಡಿಗ್ರಿಗಿಂತ ಮೇಲಿನ ಶಾಖವನ್ನು ಆಳದುದ್ದಕ್ಕೂ ಕೂಡಿಸಿದ ಲೆಕ್ಕ ಒಂದಿದೆ, ಚದರ ಸೆಂಟಿಮೀಟರಿಗೆ ಕಿಲೋಜೂಲ್‌ನಲ್ಲಿ. 50ರ ಮೇಲಿದ್ದರೆ ಬೆಳವಣಿಗೆಗೆ ಅನುಕೂಲ. ಮೇಲೆ 29 ಡಿಗ್ರಿ ಇದ್ದು ಬೆಚ್ಚನೆ ಪದರ ಬರೀ 20 ಮೀಟರ್ ಇದ್ದರೆ ಅದು ಮೋಸದ ಬಿಸಿ. ಮೊದಲ ಜೋರು ಗಾಳಿಗೇ ತಣಿಯುತ್ತದೆ.

ಬಂಗಾಳ ಕೊಲ್ಲಿ ಬೇರೆಯದೇ ಲೆಕ್ಕ. ಮುಂಗಾರಿನ ನಂತರ ಗಂಗಾ, ಬ್ರಹ್ಮಪುತ್ರ, ಮಹಾನದಿಗಳ ಸಿಹಿನೀರು ಮೇಲೆ ಹರಡಿಕೊಂಡಿರುತ್ತದೆ. ಹಗುರ ಸಿಹಿನೀರಿಗೂ ಕೆಳಗಿನ ಉಪ್ಪುನೀರಿಗೂ ಕಲಕುವುದು ಕಷ್ಟ, ಹಾಗಾಗಿ ಅಲ್ಲಿ ತಣಿಯುವುದು ಕಡಿಮೆ. ಅರಬ್ಬಿಗೆ ಆ ಮುಚ್ಚಳ ಅಷ್ಟಿಲ್ಲ.

ಪಡುವಣ:
ಅಂದರೆ ಕ್ಯಾರ್ ತನ್ನ ತಂಪಿನಲ್ಲೇ ಸತ್ತಿತಾ?

ಮೋಡಗಣ್ಣು:
ಅದೊಂದೇ ಅಲ್ಲ. ಕ್ಯಾರ್ ಮೊದಲು ಕೊಂಕಣ ದಡದತ್ತ ಸರಿದು, ಆಮೇಲೆ ಉತ್ತರದ ಅಧಿಕ ಒತ್ತಡದ ಏಣಿನ ಅಂಚು ಹಿಡಿದು ಪಶ್ಚಿಮ-ವಾಯವ್ಯಕ್ಕೆ ಒಮಾನ್ ಕಡೆ ಹೋಯಿತು. ಹಾಗೆ ಹೋದಷ್ಟೂ ಅರೇಬಿಯಾದ ಮರುಭೂಮಿಯ ಒಣಗಾಳಿ ಹತ್ತಿರವಾಗುತ್ತದೆ. ಒಣಗಾಳಿ ನಡುಪದರದಲ್ಲಿ ಒಳಹೊಕ್ಕರೆ ಮಳೆಹನಿ ಅಲ್ಲೇ ಆವಿಯಾಗುತ್ತದೆ, ಗಾಳಿ ತಣ್ಣಗಾಗಿ ಭಾರವಾಗಿ ಕೆಳಗೆ ಕುಸಿಯುತ್ತದೆ, ಬುಡದ ತೇವಗಾಳಿಯ ಹರಿವು ಕೆಡುತ್ತದೆ. ಶಿಯರ್ ಕಡಿಮೆ ಇದ್ದಾಗ ಕಣ್ಣಿನ ಸುತ್ತಲ ಮೋಡದ ಗೋಡೆ ಈ ಒಣಗಾಳಿಯನ್ನು ಹೊರಗೇ ತಡೆಯುತ್ತದೆ. ಶಿಯರ್ ಏರಿದರೆ ಗೋಡೆ ಒಂದು ಕಡೆ ವಾಲುತ್ತದೆ, ಅಲ್ಲಿಂದಲೇ ಒಣಗಾಳಿ ನುಗ್ಗುತ್ತದೆ. ಒಂದೊಂದೇ ಬಂದಿದ್ದರೆ ತಡೆದುಕೊಳ್ಳುತ್ತಿತ್ತೋ ಏನೋ. 29ರಿಂದ ಇಳಿಮುಖ, ನೈಋತ್ಯಕ್ಕೆ ತಿರುಗಿ, ಪಶ್ಚಿಮದ ಕಡಿಮೆ ಶಾಖದ ನೀರಿನ ಮೇಲೆ ಹೋಗಿ, ನವೆಂಬರ್ 1-2ರ ಹೊತ್ತಿಗೆ ಮತ್ತೆ ಡಿಪ್ರೆಶನ್ ಮಟ್ಟಕ್ಕೆ ಇಳಿಯಿತು.

ಉಪಗ್ರಹದ ಚಿತ್ರದಲ್ಲಿ ಈ ಇಳಿಮುಖದ ಕ್ರಮ ಹೀಗೆ ಕಾಣುತ್ತದೆ. ಮೊದಲು ಕಣ್ಣು ಮಸುಕಾಗುತ್ತದೆ. ಆಮೇಲೆ ಗೋಡೆಯ ಒಂದು ಬದಿಯ ಮೋಡದ ನೆತ್ತಿ ಬೆಚ್ಚಗಾಗುತ್ತದೆ, ಅಂದರೆ ಎತ್ತರ ಕುಗ್ಗುತ್ತಿದೆ. ಕೊನೆಗೆ ದಟ್ಟ ಮೋಡವೆಲ್ಲ ಒಂದು ಕಡೆ ಸರಿದು, ಬರೀ ಕೆಳಮೋಡದ ಸುಳಿ ಬೆತ್ತಲಾಗಿ ತಿರುಗುತ್ತಿರುತ್ತದೆ. ಸುಳಿ ಕಾಣುತ್ತಿದೆ ಎಂದು ಜೀವವಿದೆ ಎಂದುಕೊಳ್ಳಬಾರದು. ಮೇಲೆ ಗುಡುಗುಮೋಡ ಮತ್ತೆ ಹುಟ್ಟುತ್ತಿದೆಯೇ ಎಂಬುದನ್ನು ನೋಡಬೇಕು.

ಒಂದು ಗೊಂದಲಕ್ಕೆ ಮೊದಲೇ ಉತ್ತರ: ಗರಿಷ್ಠ ಮಟ್ಟದ ಚಂಡಮಾರುತ ಒಮ್ಮೊಮ್ಮೆ ಅರ್ಧ ದಿನ ಸೊರಗಿ ಮತ್ತೆ ಏಳುತ್ತದೆ. ಕಣ್ಣಿನ ಸುತ್ತ ಹೊರಗೊಂದು ಎರಡನೇ ಗೋಡೆ ಕಟ್ಟಿಕೊಂಡು ಒಳಗಿನದಕ್ಕೆ ತೇವ ಸಿಗದಂತೆ ಮಾಡುತ್ತದೆ. ಒಳಗೋಡೆ ಕುಸಿದು ಹೊರಗಿನದು ಅದರ ಜಾಗ ಹಿಡಿಯುವಾಗ ಗರಿಷ್ಠ ಗಾಳಿ ಇಳಿದರೂ ಜೋರುಗಾಳಿಯ ವಿಸ್ತಾರ ಹಿಗ್ಗುತ್ತದೆ. ಅದು ಸಾವಲ್ಲ.

ಉಪ್ಪುನೀರು:
ಮಹಾ ಚಂಡಮಾರುತದ ಪ್ರಸ್ತಾಪ ಇಲ್ಲಿ ಬರಲೇಬೇಕು. ಅಕ್ಟೋಬರ್ 30ಕ್ಕೆ ಲಕ್ಷದ್ವೀಪದ ಬಳಿ ಎದ್ದಿತು, ಕ್ಯಾರ್ ಇನ್ನೂ ಬದುಕಿದ್ದಾಗಲೇ. ಅರಬ್ಬಿಯಲ್ಲಿ ಏಕಕಾಲಕ್ಕೆ ಎರಡು ಚಂಡಮಾರುತ. 185 ಕಿ.ಮೀ.ವರೆಗೆ ಏರಿ, ಗುಜರಾತಿನತ್ತ ತಿರುಗಿ, ದಡ ಸೇರುವ ಮೊದಲೇ ಡಿಪ್ರೆಶನ್ ಆಯಿತು. ಕ್ಯಾರ್ ಕಡೆದು ಹೋದ ನೀರಿನ ಆಸುಪಾಸಿನಲ್ಲೇ ಅದು ತಿರುವು ತೆಗೆದುಕೊಂಡದ್ದು. ನನ್ನ ಲೆಕ್ಕದಲ್ಲಿ ಆ ತಂಪಿಗೆ ದೊಡ್ಡ ಪಾಲಿದೆ.

ಮೋಡಗಣ್ಣು:
ಪಾಲಿದೆ, ದೊಡ್ಡದೇನಲ್ಲ. ಪೂರ್ವಕ್ಕೆ ತಿರುಗಿಸಿದ್ದೇ ಉತ್ತರದ ಪಡುಗಾಳಿ. ತಿರುಗಿಸಿದ ಅದೇ ಗಾಳಿ ಮೇಲೆ ಶಿಯರನ್ನೂ ತಂದಿತು, ಒಣಗಾಳಿಯನ್ನೂ ತಂದಿತು. ನವೆಂಬರ್‌ನಲ್ಲಿ ಗುಜರಾತಿಗೆ ತಿರುಗುವ ಯಾವ ಚಂಡಮಾರುತಕ್ಕೂ ಈ ಸುಂಕ ತಪ್ಪಿದ್ದಲ್ಲ, ಕೆಳಗೆ ನೀರು ಎಷ್ಟೇ ಬೆಚ್ಚಗಿರಲಿ.

ಉಪ್ಪುನೀರು:
ಒಪ್ಪುವುದಿಲ್ಲ, ಆದರೆ ಎರಡನ್ನೂ ಬೇರ್ಪಡಿಸಬೇಕೆಂದರೆ ಕಂಪ್ಯೂಟರ್ ಮಾದರಿಯಲ್ಲಿ ಸಮುದ್ರವನ್ನು ತಣಿಯದಂತೆ ಹಿಡಿದಿಟ್ಟು ಒಮ್ಮೆ, ತಣಿಯಲು ಬಿಟ್ಟು ಒಮ್ಮೆ ಓಡಿಸಬೇಕು. ಸಮುದ್ರ ಬದಲಾಗದಂತೆ ಕಟ್ಟಿಹಾಕಿದ ಮಾದರಿಗಳು ನಿಧಾನ ಚಂಡಮಾರುತಗಳ ಬಲವನ್ನು ಹೆಚ್ಚಾಗಿ ಹೇಳುತ್ತವೆ ಎಂಬುದಂತೂ ಗೊತ್ತಿರುವ ದೋಷ.

ಅಳಿವೆಬಾಗಿಲು:
ನೀವಿಬ್ಬರೂ ವಾದ ಮಾಡ್ತಾ ಇರಿ. "ದಡ ಮುಟ್ಟಲಿಲ್ಲ" ಅನ್ನೋ ಮಾತೇ ನಂಗೆ ಸರಿ ಕಾಣೋದಿಲ್ಲ. ಕೇಂದ್ರ ಮುಟ್ಟಲಿಲ್ಲ, ಅಷ್ಟೇ. ಅಕ್ಟೋಬರ್ 24, 25ರಲ್ಲಿ ನಮ್ಮ ಮೂರೂ ಕರಾವಳಿ ಜಿಲ್ಲೆಗೆ ಭಾರಿ ಮಳೆ. ಮುಂಬೈನ ಪಶ್ಚಿಮಕ್ಕೆ ಮುಳುಗುತ್ತಿದ್ದ ಬೋಟಿನಿಂದ 17 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ತೇಗ್ ಎತ್ತಿತು. ಅತ್ತ ಒಮಾನ್‌ನಲ್ಲಿ, ಯುಎಇಯ ಕಲ್ಬಾದಲ್ಲಿ, ಕರಾಚಿಯ ತಗ್ಗು ಕೇರಿಗಳಲ್ಲಿ ಸಮುದ್ರ ರಸ್ತೆಗೆ ಬಂತು. ಅಲ್ಲೆಲ್ಲ ಚಂಡಮಾರುತ ನೂರಾರು ಕಿ.ಮೀ. ದೂರ.

ಬಲಬದಿ:
ಅದಕ್ಕೆ ಕಾರಣ ಉಬ್ಬಲೆ. ದೂರದ ಬಿರುಗಾಳಿಯಿಂದ ಬರುವ ಅಲೆಯ ಅವಧಿ 14ರಿಂದ 18 ಸೆಕೆಂಡ್ ಇರುತ್ತೆ. ಆಳ ನೀರಿನಲ್ಲಿ ಅಲೆಯ ಶಕ್ತಿ ಸಾಗುವ ವೇಗ ಸೆಕೆಂಡಿಗೆ ಸುಮಾರು 0.78 ಗುಣಿಸು ಅವಧಿ, ಮೀಟರ್‌ನಲ್ಲಿ. 16 ಸೆಕೆಂಡಿನ ಅಲೆಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿ.ಮೀ. ಚಂಡಮಾರುತ 15 ಕಿ.ಮೀ. ವೇಗದಲ್ಲಿ ತೆವಳುತ್ತಾ ಇದ್ದರೆ ಅಲೆ 1000 ಕಿ.ಮೀ. ದೂರವನ್ನು 22 ಗಂಟೆಯಲ್ಲಿ ಮುಟ್ಟುತ್ತೆ. ಆಕಾಶ ನೀಲಿ, ಗಾಳಿ ಇಲ್ಲ, ಆದರೂ ಅಳಿವೆಯಲ್ಲಿ ಅಲೆ ಒಡೆಯುತ್ತೆ. ಬೋಟ್ ಮಗುಚುವುದು ಎಷ್ಟೋ ಸಲ ಅಲ್ಲೇ.

ಒತ್ತಡದ ಲೆಕ್ಕವೂ ಇದೆ: 1 ಹೆಕ್ಟೊಪಾಸ್ಕಲ್ ಇಳಿದರೆ ಸಮುದ್ರ ಸುಮಾರು 1 ಸೆಂ.ಮೀ. ಉಬ್ಬುತ್ತೆ. 1008ರಿಂದ 922ಕ್ಕೆ ಇಳಿದರೆ 86 ಸೆಂ.ಮೀ. ಆದರೆ ಅದು ಕೇಂದ್ರದಡಿ ಮಾತ್ರ, ಕರಾಚಿಗೆ ಅದರ ಪಾಲಿಲ್ಲ. ಇನ್ನು ಇನ್‌ಕಾಯಿಸ್ (ದೇಶದ ಸಾಗರ ಮಾಹಿತಿ ಕೇಂದ್ರ) ಕೊಡುವ "ಅಲೆ 4 ಮೀಟರ್" ಅನ್ನೋದು ದೊಡ್ಡ ಮೂರನೇ ಒಂದು ಪಾಲು ಅಲೆಗಳ ಸರಾಸರಿ. ಒಂಟಿ ಅಲೆ ಅದರ ಎರಡರಷ್ಟು ಬರಬಹುದು.

ತಾಂಡೇಲ:
ಹೊರಗಡಲಿನಲ್ಲಿ ಇದ್ದಾಗ ಸಿಕ್ಕಿಬಿದ್ದರೆ ಏನು ಮಾಡಬೇಕು ಅಂತ ಯಾರಾದ್ರೂ ಸ್ಪಷ್ಟ ಬರೀರಿ. ವಾರ, ಹತ್ತು ದಿನಕ್ಕೆ ಹೋಗುವ ಟ್ರಾಲ್ ಬೋಟಿಗೆ ವಿಎಚ್‌ಎಫ್ ರೇಡಿಯೋ 20-25 ನಾಟಿಕಲ್ ಮೈಲಿಗಿಂತ ಆಚೆ ಸಿಗಲ್ಲ. 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನವರಿಗೆ ಆದದ್ದೂ ಅದೇ: ಎಚ್ಚರಿಕೆ ಹೊರಡುವಾಗ ಬೋಟು ಆಗಲೇ ಆಚೆ.

ಬಲಬದಿ:
ಸಿಕ್ಕಿಬೀಳದಿರುವುದು ಮೊದಲು. ಅಮೆರಿಕದ ಹರಿಕೇನ್ ಸೆಂಟರ್ ನಾವಿಕರಿಗೆ ಹೇಳಿಕೊಡುವ 1-2-3 ನಿಯಮ ಇಲ್ಲೂ ಉಪಯೋಗಕ್ಕೆ ಬರುತ್ತೆ. ಮುನ್ಸೂಚನೆಯ ಸ್ಥಾನದಿಂದ 34 ನಾಟ್ ಗಾಳಿಯ ವಿಸ್ತಾರ ಎಷ್ಟಿದೆ ನೋಡಿ. ಅದಕ್ಕೆ 24 ಗಂಟೆಯ ಮುನ್ಸೂಚನೆಗಾದರೆ 100 ನಾಟಿಕಲ್ ಮೈಲು, 48 ಗಂಟೆಗೆ 200, 72 ಗಂಟೆಗೆ 300 ಸೇರಿಸಿ. ಆ ವೃತ್ತದೊಳಗೆ ಇರಬಾರದು. 8 ನಾಟ್ ಓಡುವ ಬೋಟಿಗೆ 100 ಮೈಲು ಅಂದರೆ ಹನ್ನೆರಡೂವರೆ ಗಂಟೆ, ಅದೂ ಎದುರಲೆ ಇಲ್ಲದಿದ್ದಾಗ. ಡೀಸೆಲ್ ಲೆಕ್ಕ ಇಲ್ಲಿಂದ ಶುರುವಾಗಬೇಕು.

ಸಿಕ್ಕಿಬಿದ್ದರೆ: ಗಾಳಿಗೆ ಮುಖ ಮಾಡಿ ನಿಂತುಕೊಳ್ಳಿ. ಉತ್ತರಾರ್ಧಗೋಳದಲ್ಲಿ ಕೇಂದ್ರ ನಿಮ್ಮ ಬಲಕ್ಕೆ, 90ರಿಂದ 135 ಡಿಗ್ರಿ ನಡುವೆ ಇರುತ್ತೆ. ಆಮೇಲೆ ಗಾಳಿಯ ದಿಕ್ಕು ಯಾವ ಕಡೆ ಬದಲಾಗ್ತಾ ಇದೆ ಗಮನಿಸಿ. ಗಡಿಯಾರದ ಮುಳ್ಳಿನಂತೆ ತಿರುಗಿದರೆ, ಉದಾಹರಣೆಗೆ ಮೂಡಣದಿಂದ ತೆಂಕಣಕ್ಕೆ, ನೀವು ಪಥದ ಬಲ ಅರ್ಧದಲ್ಲಿ, ಅಪಾಯದ ಅರ್ಧದಲ್ಲಿ ಇದ್ದೀರಿ. ಅಲ್ಲಿ ಚಂಡಮಾರುತದ ಚಲನೆಯೂ ಗಾಳಿಗೆ ಕೂಡುತ್ತೆ, ಗಾಳಿ ನಿಮ್ಮನ್ನು ಪಥದ ಎದುರಿಗೇ ತಳ್ಳುತ್ತೆ. ಗಾಳಿಯನ್ನು ಬೋಟಿನ ಮೂತಿಯ ಬಲಬದಿಗೆ ಇಟ್ಟು ಆದಷ್ಟು ವೇಗವಾಗಿ ಹೊರಬನ್ನಿ, ಗಾಳಿ ತಿರುಗಿದಂತೆ ಬಲಕ್ಕೆ ತಿರುಗಿಸಿ. ದಿಕ್ಕು ಉಲ್ಟಾ ತಿರುಗಿದರೆ ಎಡ ಅರ್ಧ; ಗಾಳಿಯನ್ನು ಹಿಂಬದಿಯ ಬಲಮೂಲೆಗೆ ಇಟ್ಟು ಓಡಿ, ಎಡಕ್ಕೆ ತಿರುಗಿಸುತ್ತಾ ಹೋಗಿ. ದಿಕ್ಕು ಬದಲಾಗದೆ ಜೋರಾಗ್ತಾ ಹೋದರೆ ನೇರ ಪಥದಲ್ಲೇ ಇದ್ದೀರಿ, ಆಗಲೂ ಗಾಳಿ ಹಿಂಬದಿಯ ಬಲಮೂಲೆಗೆ. ಓಡುತ್ತಿರುವಾಗಿನ ಗಾಳಿ ನೋಡಿ ತೀರ್ಮಾನ ಮಾಡಬೇಡಿ. ಬೋಟಿನ ವೇಗ ಸೇರಿ ದಿಕ್ಕು ಸುಳ್ಳು ಹೇಳುತ್ತೆ. ಎಂಜಿನ್ ತಗ್ಗಿಸಿ ನೋಡಿ. ಮೇಲಿನದೆಲ್ಲ ಹಡಗಿನ ಪಾಠ. ತುಂಬಿದ ಬಲೆ ಡೆಕ್ ಮೇಲಿದ್ದರೆ ಬೋಟಿನ ತೂಕ ಮೇಲಕ್ಕೆ ಹೋಗಿರುತ್ತೆ, ಮೊದಲು ಅದನ್ನು ಕೆಳಗಿಳಿಸಿ ಕಟ್ಟಿ.

ಸುದ್ದಿ ತಲುಪುವ ವಿಷಯಕ್ಕೆ: ಓಖಿಯ ನಂತರ, 2019ರ ಅಕ್ಟೋಬರ್‌ನಲ್ಲೇ, ಜೆಮಿನಿ ಅನ್ನೋ ಸಾಧನ ಬಂತು. ಗಗನ್ ಉಪಗ್ರಹದಿಂದ ಎಚ್ಚರಿಕೆ ಹಿಡಿದು ಬ್ಲೂಟೂತ್‌ನಲ್ಲಿ ಫೋನಿಗೆ ಕೊಡುತ್ತೆ. ಅದು ಕೇಳಿಸಿಕೊಳ್ಳುವ ಸಾಧನ ಮಾತ್ರ, ಅದರಿಂದ ಕರೆ ಹೋಗಲ್ಲ.

ತಾಂಡೇಲ:
ಬಾರೋಮೀಟರ್ ಬೇಕಾ, ಫೋನಿನಲ್ಲಿರೋದು ಸಾಕಾ?

ಬಲಬದಿ:
ಎಷ್ಟೋ ಫೋನುಗಳಲ್ಲಿ ಸೆನ್ಸರ್ ಇದೆ, ಸಾಕು. ಅಂಕಿ ಒಂದೆರಡು ಹೆಕ್ಟೊಪಾಸ್ಕಲ್ ತಪ್ಪಿದ್ದರೂ ಏರಿಳಿತ ಸರಿ ತೋರಿಸುತ್ತೆ. ಬಂದರಿನಲ್ಲಿದ್ದಾಗ ಹವಾಮಾನ ಇಲಾಖೆಯ ಅಂಕಿಯ ಜೊತೆ ಹೋಲಿಸಿ ವ್ಯತ್ಯಾಸ ಬರೆದಿಡಿ. ಒಂದೇ ಜಾಗದಲ್ಲಿ ಇಟ್ಟು ಓದಿ, 8 ಮೀಟರ್ ಎತ್ತರಕ್ಕೆ 1 ಹೆಕ್ಟೊಪಾಸ್ಕಲ್ ವ್ಯತ್ಯಾಸ ಬರುತ್ತೆ.

ಹೆಚ್ಚಿನವರು ತಪ್ಪುವುದು ಓದುವ ಹೊತ್ತಿನಲ್ಲಿ. ನಮ್ಮ ಅಕ್ಷಾಂಶದಲ್ಲಿ ಒತ್ತಡ ದಿನಕ್ಕೆ ಎರಡು ಸಲ ತಾನಾಗಿಯೇ ಏರಿಳಿಯುತ್ತೆ: ಬೆಳಿಗ್ಗೆ 10, ರಾತ್ರಿ 10ಕ್ಕೆ ಮೇಲೆ, ಬೆಳಗಿನ ಜಾವ 4, ಸಂಜೆ 4ಕ್ಕೆ ಕೆಳಗೆ. ಬೆಳಿಗ್ಗೆ 10ರಿಂದ ಸಂಜೆ 4ಕ್ಕೆ 3 ಇಳಿದರೆ ಅದು ಮಾಮೂಲು. ಇವತ್ತಿನ 4 ಗಂಟೆಯನ್ನು ನಿನ್ನೆಯ 4 ಗಂಟೆಯ ಜೊತೆ, ಆ ತಿಂಗಳ ವಾಡಿಕೆಯ ಜೊತೆ ಹೋಲಿಸಿ. ವಾಡಿಕೆಗಿಂತ 3 ಕಡಿಮೆ ಇದ್ದರೆ ಅನುಮಾನ ಪಡಿ. 5 ಕಡಿಮೆ ಇದ್ದರೆ ಅನುಮಾನವೇ ಬೇಡ, ಹತ್ತಿರದಲ್ಲೇ ಇದೆ. ಇನ್ನೂ ಒಂದು: ಆ ದಿನಕ್ಕೆರಡು ಸಲದ ಏರಿಳಿತವೇ ನಿಂತುಹೋಗಿ ಗೆರೆ ಒಂದೇ ಸಮ ಕೆಳಗಿಳಿಯುತ್ತಿದ್ದರೆ, ಬಲೆ ಎಳೆದುಕೊಳ್ಳೋಕೆ ಅಷ್ಟು ಕಾರಣ ಸಾಕು.